ಹೊಳಿಸಾಲು ತಂಡದ ಹೊಸ ಹಾಡು

ಆ ರವಿವಾರ ಬೆಳಿಗ್ಗೆ ಬನಹಟ್ಟಿಯ ನೇಕಾರರ ಓಣಿಯಲ್ಲಿ ಕರೆಂಟು ಹೋಗಲಿಲ್ಲ. ಓಣಿಯವರೆಲ್ಲ ಖುಷಿಯಾಗಿದ್ದರೆ ಪರಮೇಶನೊಬ್ಬ ಮಾತ್ರ ಲೈಟಿನ ಕಂಬವನ್ನು ದುರುಗುಟ್ಟಿ ನೋಡುತ್ತ ಹಲ್ಲು ಕಡಿಯುತ್ತಿದ್ದ.

ಪರಮೇಶ ಹಗಲು ಹೊತ್ತು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಉಳಿದ ಹೊತ್ತೆಲ್ಲ 'ಹೊಳಿಸಾಲು' ಎಂಬ ಹಾಡಿನ ತಂಡಕ್ಕೆ ಅವನೇ ಯಜಮಾನ, ಅವನೇ ಕವಿ, ಅವನೇ ಹಾರ್ಮೋನಿಯಂ. ತಂಡದ ತಾಲೀಮು ನಡೆಯುತ್ತಿದ್ದುದು ಗಿರಮಲ್ಲಪ್ಪನ ಮಗ್ಗದ ಶೆಡ್ಡಿನಲ್ಲಿ. ಕರೆಂಟಿದ್ದಾಗ ಅಲ್ಲಿ ಮಗ್ಗ ಓಡಬೇಕು, ಕರೆಂಟು ಹೋದಾಗ ಹಾಡು ಓಡಬೇಕು ಎಂಬುದು ಒಪ್ಪಂದ. ಲೋಡ್ ಶೆಡ್ಡಿಂಗಿನ ಪುಣ್ಯದಿಂದ ವರ್ಷದ ಮೇಲಾದರೂ ಒಂದು ದಿನ ತಾಲೀಮು ತಪ್ಪಿರಲಿಲ್ಲ. ಕಲಾವಿದರಿಗೆ ಸರಕಾರ ಇಷ್ಟು ನಿಯಮಿತವಾಗಿ ನೆರವಾದದ್ದು ನಾಡಿನಲ್ಲಿ ಬೇರೆಲ್ಲೂ ಇಲ್ಲವೆಂದು ಪರಮೇಶನೇ ಹೇಳುತ್ತಿದ್ದ. ಮಗ್ಗ ನಿಂತು ಕೆಲಸವಿಲ್ಲದ ಓಣಿಯ ಮಂದಿ ಶೆಡ್ಡಿನ ಬಾಗಿಲಿಗೆ ಬಂದು ಕೂಡುತ್ತಿದ್ದರು. ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದರು. ಹೆಂಗಸರು ಕೈಯಲ್ಲಿ ನೂಲು ಸುತ್ತುತ್ತ ಕೇಳುತ್ತಿದ್ದರು.

ತಂಡದ ವಿಷಯದಲ್ಲಿ ಪರಮೇಶ ಬಲು ಬಿಗಿ. ಸಿನಿಮಾ ಹಾಡು ಮುಟ್ಟಕೂಡದು. ಮದುವೆ ಊಟದ ಪಂಕ್ತಿಯ ಮುಂದೆ ನುಡಿಸಕೂಡದು. ಶ್ರುತಿ ಕೂಡಿಸದೆ ಬಾಯಿ ತೆಗೆಯಕೂಡದು. ನಿನ್ನ ವಾದ್ಯ ನಿನಗೆ ಕೇಳಿಸಿದರೆ ಸಾಲದು, ಪಕ್ಕದವನದೂ ಕೇಳಿಸಬೇಕು. ತಂಡ ಕಟ್ಟುವುದು ಹೇಗೆಂದು ಯಾರಾದರೂ ಕೇಳಿದರೆ ಇಷ್ಟನ್ನೂ ಪುಕ್ಕಟೆಯಾಗಿ ಹೇಳಲು ಅವನು ಸಿದ್ಧನಿದ್ದ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬದಲಿಗೆ ಓಣಿಯವರೇ ಅವನಿಗೆ ಉಪದೇಶ ಮಾಡುತ್ತಿದ್ದರು. ಇಬ್ಬರು ಕುಣಿಯುವವರನ್ನು ಇಟ್ಟುಕೋ ಎಂದು ಒಬ್ಬರು, ಮಿಣಮಿಣ ಲೈಟು ಹಾಕಿಸು ಎಂದು ಇನ್ನೊಬ್ಬರು.

ಅವನ ಬಿಗಿಯನ್ನು ಸಹಿಸಿಕೊಂಡು ಉಳಿದವರು ಮೂರೇ ಜನ. ಹಾಡುವವಳು ಸುವರ್ಣಾ, ಕನ್ನಡ ಸಾಲಿಯ ಟೀಚರು. ಗಿಟಾರಿನವನು ಅಮೋಲ, ಟಿ.ವಿ. ರಿಪೇರಿಯವನು. ಡೊಳ್ಳಿನವನು ದುರಗೇಶ. ಅವನ ಮನೆತನದವರು ಕುರಿ ಕಾಯುತ್ತ ಬೀರೇಶ್ವರನನ್ನು ನಂಬಿ ಬಂದವರು. ಭಂಡಾರದ ಅರಿಸಿನಪುಡಿ ಹಾರಿಸದೆ ಡೊಳ್ಳಿಗೆ ಪೆಟ್ಟು ಹಾಕುವುದು ಅವರಲ್ಲಿ ಇಲ್ಲ. ಪ್ರತಿ ತಾಲೀಮಿನಲ್ಲೂ ಆ ಭಂಡಾರದಲ್ಲಿ ಅರ್ಧ ಅಮೋಲನ ಗಿಟಾರಿನ ಹೊಟ್ಟೆ ಸೇರುತ್ತಿತ್ತು.

ಅಂದು ಮಧ್ಯಾಹ್ನ ಜಮಖಂಡಿಯಲ್ಲಿ ಒಂದು ಕಲಾ ಸಂಘದವರು ಹೊಸ ಹಾಡುಗಳ ಸ್ಪರ್ಧೆ ಇಟ್ಟಿದ್ದರು. ಹಾಡು, ಧಾಟಿ ಎರಡೂ ಸ್ವಂತದ್ದಾಗಿರಬೇಕು. ಗೆದ್ದ ಹಾಡಿನ ಸಿ.ಡಿ. ಬರುತ್ತದೆ, ಅದರ ಮೇಲೆ ಹಾಡು ಕಟ್ಟಿದವನ ಹೆಸರು ಅಚ್ಚಾಗುತ್ತದೆ. 'ರಚನೆ, ಸಂಗೀತ: ಪರಮೇಶ' ಎಂಬುದನ್ನು ಯಾವ ಬಣ್ಣದಲ್ಲಿ ಹಾಕಿಸಬೇಕೆಂದು ಅವನು ಆಗಲೇ ಗೊತ್ತು ಮಾಡಿಕೊಂಡಿದ್ದ. ಡ್ಯಾಮಿನ ಹಿನ್ನೀರು ಏರಿ ಹೊಳೆಯೇ ಮನೆಬಾಗಿಲಿಗೆ ಬಂದು ನಿಂತದ್ದರ ಮೇಲೆ ಅವನು ಕಟ್ಟಿದ ಹಾಡದು. ಅದಕ್ಕಿಂತ ಒಳ್ಳೆಯದನ್ನು ತಾನು ಈ ಜನ್ಮದಲ್ಲಿ ಬರೆಯಲಾರೆ ಎಂದು ಅವನಿಗೆ ಗೊತ್ತಿತ್ತು. ಹಾಡು ನನ್ನದು ಎಂದು ಲೋಕ ಒಪ್ಪಬೇಕು, ಅವನಿಗೆ ಬೇಕಾದದ್ದು ಅಷ್ಟೇ.

ಈಗ ನೋಡಿದರೆ ಕೊನೆಯ ತಾಲೀಮಿಗೆ ಕರೆಂಟು ಅಡ್ಡ ಬಂದಿತ್ತು. ಮಗ್ಗಗಳ ಖಟಪಟದಲ್ಲಿ ಡೊಳ್ಳೇ ಕೇಳಿಸುತ್ತಿರಲಿಲ್ಲ, ಇನ್ನು ಹಾರ್ಮೋನಿಯಂ ಎಲ್ಲಿಂದ ಕೇಳಿಸೀತು? ಪರಮೇಶ ಸೈಕಲ್ ಹತ್ತಿ ಲೈನ್‌ಮನ್ ಈರಪ್ಪನ ಮನೆಗೆ ಹೋಗಿ, ಸ್ವಲ್ಪ ಹೊತ್ತು ಫ್ಯೂಜ್ ಕಿತ್ತಿಡಲು ಸಾಧ್ಯವೇ ಎಂದು ಕೇಳಿದ. ಈರಪ್ಪ ಚಹಾದ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದ.

"ನನ್ನ ಸರ್ವಿಸಿನ್ಯಾಗ ಕರೆಂಟ್ ತಗೀರಿ ಅಂತ ಬಂದಾಂವ ನೀನ ಮೊದಲನೇಯಾಂವ ನೋಡಪಾ. ಆರಾಮ ಅದಿಯಿಲ್ಲೋ?"

ಅಲ್ಲಿಂದ ಪರಮೇಶ ಸೀದಾ ಗಿರಮಲ್ಲಪ್ಪನ ಹತ್ತಿರ ಬಂದು, ಮಾನ ಬಿಟ್ಟು ಕೈಮುಗಿದ. ಗಿರಮಲ್ಲಪ್ಪ ಸೀರೆಯ ಆರ್ಡರಿನ ಗಡಿಬಿಡಿಯಲ್ಲಿದ್ದ. ಆದರೆ ಓಣಿಯ ಹಾಡು ಜಮಖಂಡಿಗೆ ಹೊರಟಿದೆ ಎಂದು ತಿಳಿದದ್ದೇ ತಡ, ಅವನ ಎದೆ ಉಬ್ಬಿತು. ತನ್ನ ಮಗ್ಗ ನಿಲ್ಲಿಸಿದ. ಪಕ್ಕದ ಶೆಡ್ಡುಗಳ ಸದ್ದು ನಿಲ್ಲದ್ದು ನೋಡಿ ತಾನೇ ಹೋಗಿ ಅವನ್ನೂ ನಿಲ್ಲಿಸಿ ಬಂದ. ಓಣಿಗೆ ಓಣಿಯೇ ತಣ್ಣಗಾಯಿತು. ಪರಮೇಶನ ಕಣ್ಣು ತುಂಬಿ ಬಂತು.

ತುಂಬಿದ ಕಣ್ಣು ಒಣಗುವ ಮೊದಲೇ ಗಿರಮಲ್ಲಪ್ಪ ಕಟ್ಟೆ ಹತ್ತಿ ನಿಂತು ಹೇಳಿದ: "ಮಗ್ಗ ಹೆಂಗೂ ನಿಂತಾವ. ಇನ್ನ ಚಾಲೂ ಮಾಡೂದು ಬ್ಯಾಡ. ಬುತ್ತಿ ಕಟಗೋರಿ, ಎಲ್ಲಾರೂ ಜಮಖಂಡಿಗಿ ಹೋಗೂಣು."

ಪರಮೇಶ ಗಾಬರಿಯಾದ. ಸ್ಪರ್ಧೆಯಲ್ಲಿ ಶಾಂತಿ ಇರಬೇಕಾಗುತ್ತದೆ, ಜಾಗ ಸಣ್ಣದು, ಬಿಸಿಲು ಬಹಳ ಎಂದೆಲ್ಲ ಹೇಳಿ ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀರೆಯ ಗಂಟು ಸಾಗಿಸುವ ಎರಡು ಟೆಂಪೋಗಳಿಗೆ ಹೊದಿಕೆ ಹಾಸುವ ಕೆಲಸ ಆಗಲೇ ನಡೆದಿತ್ತು.

ತಾಲೀಮು ಚೆನ್ನಾಗಿಯೇ ಆಯಿತು. ಆದರೆ ಕೊನೆಯಲ್ಲಿ ಸುವರ್ಣಾ ಒಂದು ಸಲ ಕೆಮ್ಮಿದಳು. ಒಂದೇ ಸಲ. ಬಾಗಿಲಲ್ಲಿ ಕೂತಿದ್ದ ತಾರವ್ವ ಆ ಕೆಮ್ಮನ್ನು ಕೇಳಿಸಿಕೊಂಡಳು. ತಾರವ್ವ ಓಣಿಯ ಹಿರಿಯಳು. ಹೆರಿಗೆಯಿಂದ ಹಿಡಿದು ಹಲ್ಲುನೋವಿನವರೆಗೆ ಅವಳನ್ನು ಕೇಳದೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಅವಳು ಶುಂಠಿ ಮೆಣಸಿನ ಕಷಾಯ ತಂದಳು. ಅದು ಖಾರವಾಯಿತೆಂದು ಗಿರಮಲ್ಲಪ್ಪನ ಹೆಂಡತಿ ತಣ್ಣನೆ ಮಜ್ಜಿಗೆ ಕುಡಿಸಿದಳು. ಮಜ್ಜಿಗೆ ಕಫವೆಂದು ಇನ್ನೊಬ್ಬಳು ಅಜವಾನ ಉಪ್ಪು ಅಗಿಸಿದಳು. ದಾರಿಯಲ್ಲಿ ಯಾರೋ ಸೋಡಾ ಕೊಡಿಸಿದರು. ಸಾಲಿಯಲ್ಲಿ ಮಕ್ಕಳನ್ನು ಗದರಿಸುವ ಟೀಚರು ಓಣಿಯ ಹೆಂಗಸರ ಮುಂದೆ ಬೇಡವೆನ್ನಲಾರದೆ ಎಲ್ಲವನ್ನೂ ನುಂಗಿದಳು. ಉಳಿದ ಕೆಲಸವನ್ನು ಕಬ್ಬಿನ ಟ್ರ್ಯಾಕ್ಟರುಗಳು ಮಾಡಿದವು. ಸಾಲಾಗಿ ಹೊರಟಿದ್ದ ಅವುಗಳ ಹಿಂದೆ ಸಿಕ್ಕಿಬಿದ್ದು, ಜಮಖಂಡಿ ಮುಟ್ಟುವವರೆಗೂ ಎರಡೂ ಟೆಂಪೋ ಧೂಳು ತಿಂದವು.

ಸಭಾಂಗಣದಲ್ಲಿ ನಿರ್ಣಾಯಕರ ಕುರ್ಚಿಯಲ್ಲಿ ಕೂತವರು ನಿವೃತ್ತ ಪ್ರಾಧ್ಯಾಪಕ ಚನಮಲ್ಲಪ್ಪನವರು. ಜಾನಪದದಲ್ಲಿ ಪಳಗಿದವರು. ಸಿಕ್ಕಲ್ಲೆಲ್ಲ ಹಳೆಯ ಹಾಡು ಹುಡುಕುತ್ತಿದ್ದ ಅವರಿಗೆ ಅಂದು ಒಂದರ ಮೇಲೊಂದು ಹೊಸ ಹಾಡು ಕೇಳಿ ಕೇಳಿ ಆಕಳಿಕೆ ಬರುತ್ತಿತ್ತು. ಬನಹಟ್ಟಿಯ ಎರಡು ಟೆಂಪೋ ಜನ ಬಂದು ಹಿಂದಿನ ಕುರ್ಚಿಗಳಲ್ಲಿ ಬುತ್ತಿಗಂಟು ಸಮೇತ ಕೂತದ್ದನ್ನು ಅವರು ಕನ್ನಡಕದ ಮೇಲಿಂದ ನೋಡಿದರು.

"ಹೊಳಿಸಾಲು ತಂಡ, ರಚನೆ ಮತ್ತು ಸಂಗೀತ ಪರಮೇಶ" ಎಂದು ಮೈಕಿನಲ್ಲಿ ಹೇಳಿದಾಗ ಪರಮೇಶನ ಮೈ ಜುಮ್ಮೆಂದಿತು. ದುರಗೇಶ ಭಂಡಾರ ಹಾರಿಸಿ ಡೊಳ್ಳಿಗೆ ಕೈ ಹಾಕಿದ. ಅಮೋಲ ಗಿಟಾರು ಝಾಡಿಸಿಕೊಂಡ. ಹಾರ್ಮೋನಿಯಂ ಎತ್ತಿಕೊಟ್ಟ ಜಾಗಕ್ಕೆ ಸುವರ್ಣಾ ಬಾಯಿ ತೆಗೆದಳು. ಒಳಗಿನಿಂದ ಗಾಳಿ ಮಾತ್ರ ಬಂತು.

ಪರಮೇಶ ಮತ್ತೊಮ್ಮೆ ಎತ್ತಿಕೊಟ್ಟ. ಈ ಸಲ ಎಣ್ಣೆ ಕಾಣದ ಬಾವಿಯ ಗಾಲಿಯಂತೆ ಒಂದು ಕಿರ್ರೆನ್ನುವ ಸದ್ದು ಬಂತು. ಸುವರ್ಣಾಳ ಕಣ್ಣಲ್ಲಿ ನೀರು. ಪರಮೇಶನಿಗೆ ಹಾಡು ಕಟ್ಟಲು ಬರುತ್ತಿತ್ತೇ ಹೊರತು ಹಾಡಲು ಬರುತ್ತಿರಲಿಲ್ಲ. ಅವನ ಬೆರಳುಗಳು ಅದೇ ನಾಲ್ಕು ಸ್ವರಗಳ ಮೇಲೆ ಗಾಣದೆತ್ತಿನ ಹಾಗೆ ಸುತ್ತತೊಡಗಿದವು. ಎಲ್ಲ ಮುಗಿಯಿತೆಂದುಕೊಂಡ.

ಆಗ ಹಿಂದಿನ ಸಾಲಿನಲ್ಲಿ ತಾರವ್ವ ಸೆರಗು ಸರಿಪಡಿಸಿಕೊಂಡು, ಕೂತಲ್ಲಿಂದಲೇ ಎತ್ತಿದಳು.

ಹೊಳಿಯವ್ವ ಬಂದಾಳ, ಹೊಸ್ತಿಲದಾಗ ನಿಂತಾಳ...

ಅವಳ ದನಿಗೆ ಗಿರಮಲ್ಲಪ್ಪನ ಹೆಂಡತಿ ದನಿ ಕೂಡಿಸಿದಳು, ಆಮೇಲೆ ಹೆಂಗಸರೆಲ್ಲ, ಆಮೇಲೆ ಗಂಡಸರು. ವರ್ಷದುದ್ದಕ್ಕೂ ನೂಲು ಸುತ್ತುತ್ತ ಕೇಳಿದ ಹಾಡು, ಒಂದಕ್ಷರ ತಡವರಿಸದೆ ಬಂತು. ಡೊಳ್ಳಿನ ಪೆಟ್ಟಿಗೆ ಸರಿಯಾಗಿ ಅವರು ತೊಡೆ ತಟ್ಟುತ್ತಿದ್ದರು. ಆದರೆ ಎರಡನೆಯ ಸಾಲಿಗೆ ಬಂದಾಗ ಪರಮೇಶನ ಕಿವಿ ನಿಮಿರಿತು. ಅವನು ಬರೆದದ್ದು 'ನೀಲ ಜಲರಾಶಿಯಲಿ ನೆನಪೆಲ್ಲ ಮುಳುಗ್ಯಾವ' ಎಂದು. ಓಣಿ ಹಾಡಿದ್ದು ಬೇರೆ:

ತವರಿನ ಹಾದಿ ಕೇಳಿದರ, ನೀರಿನ ಕಡಿ ತೋರ್‍ಯಾಳ...

ಅನಗವಾಡಿಯ ಆಚೆ ಹೊಳೆದಂಡೆಯಲ್ಲಿದ್ದ ತಾರವ್ವನ ತವರುಮನೆ ಹಿನ್ನೀರಿನಲ್ಲಿ ಹೋಗಿತ್ತು. ಅದು ಪರಮೇಶನಿಗೆ ಗೊತ್ತಿದ್ದ ಸಂಗತಿಯೇ. ಆದರೂ ಆ ಸಾಲು ಅವನಿಗೆ ಹೊಳೆದಿರಲಿಲ್ಲ. ತನ್ನ ಸಾಲಿಗಿಂತ ಅದು ಚೆನ್ನಾಗಿದೆ ಎಂದು ಅನಿಸಿದಾಗ ಅವನಿಗೆ ಹೊಟ್ಟೆ ಉರಿಯಿತು, ಅದರ ಹಿಂದೆಯೇ ಹೆಮ್ಮೆಯಾಯಿತು. ತಾನು ಕಟ್ಟಿದ ಧಾಟಿ ಇಡೀ ಸಭಾಂಗಣವನ್ನು ತುಂಬಿಕೊಂಡು ನಿಂತಿತ್ತು. ಮುಂದಿನ ಸಾಲಿನ ಜಮಖಂಡಿಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ಯಾವ ಆರ್ಕೆಸ್ಟ್ರಾದವನಿಗೂ ಸಿಗದ ದಿನವೊಂದು ತನಗೆ ಸಿಕ್ಕಿತೆಂದು ಪರಮೇಶ ಎದ್ದು ನಿಂತು ಎಲ್ಲ ದಿಕ್ಕಿಗೂ ಕೈಮುಗಿದ.

ಚನಮಲ್ಲಪ್ಪನವರು ಕುರ್ಚಿಯಿಂದ ಎದ್ದವರು ವೇದಿಕೆಯ ಕಡೆ ಬರಲಿಲ್ಲ. ಸೀದಾ ಹಿಂದಿನ ಸಾಲಿಗೆ ನಡೆದು ತಾರವ್ವನ ಎದುರು ನಿಂತರು. ಇಷ್ಟು ಒಳ್ಳೆಯ ಜನಪದ ಹಾಡು ಇಷ್ಟು ದಿನ ತಮ್ಮ ಕಿವಿಗೆ ಬೀಳದೆ ಹೇಗೆ ಉಳಿಯಿತು ಎಂದು ಅವರು ಕೇಳಿದಾಗ ಪರಮೇಶ ವೇದಿಕೆಯಿಂದ ಹಾರಿಯೇ ಬಂದ.

"ಸರ, ಇದು ಜನಪದ ಅಲ್ರಿ. ನಾ ಕಟ್ಟಿದ್ದರಿ."

ಚನಮಲ್ಲಪ್ಪನವರು ಮರುಕದಿಂದ ನಕ್ಕರು. ಎರಡು ಟೆಂಪೋ ಜನಕ್ಕೆ ಕಾಗದ ನೋಡದೆ ಬಾಯಿಗೆ ಬರುವ ಹಾಡು ಹೊಸದಾಗಲು ಹೇಗೆ ಸಾಧ್ಯ ಎಂದರು. ಪರಮೇಶ ತನ್ನ ಬಳಿಯಿದ್ದ ದೊಡ್ಡ ಸಾಕ್ಷಿಯನ್ನು ಮುಂದಿಟ್ಟ. ಹಾಡಿನಲ್ಲಿರುವುದು ಹಿನ್ನೀರು, ಹಿನ್ನೀರು ಬಂದದ್ದು ಡ್ಯಾಮಿನಿಂದ, ಡ್ಯಾಮು ತುಂಬಿದ್ದು ಮೊನ್ನೆ ಮೊನ್ನೆ.

"ಹೊಳಿ ಏನು ನಿಮ್ಮ ಡ್ಯಾಮ್ ಬಂದ ಮ್ಯಾಲ ಹುಟ್ಟೇತೇನ್ರಿ?" ಎಂದರು ಚನಮಲ್ಲಪ್ಪನವರು. "ಆಕಿ ಯಾವಾಗಲೂ ಬರಾಕಿನ, ಹೊಸ್ತಿಲದಾಗ ನಿಂದ್ರಾಕಿನ."

ಪರಮೇಶನಿಗೆ ಉಳಿದದ್ದು ತಾರವ್ವನೊಬ್ಬಳೇ. ಅವಳು ಸುಳ್ಳು ಹೇಳುವವಳಲ್ಲ ಎಂದು ಓಣಿಗೆಲ್ಲ ಗೊತ್ತು. "ನೀನ ಹೇಳಬೇ, ಹಾಡು ನಂದೋ ಅಲ್ಲೋ?" ಎಂದು ಕೇಳಿದ. ಗಿರಮಲ್ಲಪ್ಪನೂ ಅವಳನ್ನೇ ನೋಡಿದ. ತಾರವ್ವ ಹಾಡಿನ ಸಾಲುಗಳನ್ನು ಬೆರಳ ಮೇಲೆ ಎಣಿಸಿದಳು. ಸುಳ್ಳು ಹೇಳಬಾರದಲ್ಲ.

"ನಿಂದ ಐತೆಪಾ. ಧಾಟಿ ನಿಂದು, ಮೊದಲನೇ ಸಾಲು ನಿಂದು. ತವರಿನ ಸಾಲು ಅಷ್ಟ ನಾ ಹಾಕೀನಿ. ಕುರಿ ನೀರ ಕುಡಿಯೂದು ಐತೆಲ್ಲ, ಅದು ದುರಗೇಶನ ಅವ್ವ ಹೇಳಿದ್ದು. ಕಡೀ ಸಾಲು ಗಿರಮಲ್ಲಪ್ಪನ ಹೆಂಡತಿದು. ನಿನ್ನ ಸಾಲು ಜಡ ಆಗ್ತಿದ್ದು, ನೂಲು ಸುತ್ತುವಾಗ ಬಾಯಿಗಿ ಬರತಿದ್ದಿಲ್ಲ."

ಚನಮಲ್ಲಪ್ಪನವರು ಆನಂದದಿಂದ ಕೈ ತಟ್ಟಿಕೊಂಡರು. ಜನಪದ ಹಾಡು ಹುಟ್ಟುವುದೇ ಹೀಗೆ, ತಾವು ಅದನ್ನು ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಣ್ಣಾರೆ ಕಂಡದ್ದು ಇವತ್ತೇ ಎಂದರು. ಹೆಸರು ಹಾಕುವುದಾದರೆ ಓಣಿಯವರೆಲ್ಲರದೂ ಹಾಕಬೇಕಾಗುತ್ತದೆ, ಸಿ.ಡಿ.ಯ ಮೇಲೆ ಅಷ್ಟು ಜಾಗವಿಲ್ಲ ಎಂದೂ ಹೇಳಿದರು. ಪರಮೇಶ ಬಾಯಿ ತೆಗೆದ. ಈಗ ಅವನ ಬಾಯಿಂದಲೂ ಗಾಳಿ ಮಾತ್ರ ಬಂತು, ಏಕೆಂದರೆ ತಾರವ್ವ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಹೊಸ ಹಾಡಿನ ಬಹುಮಾನ ಮುಧೋಳದ ಒಂದು ಆರ್ಕೆಸ್ಟ್ರಾಕ್ಕೆ ಹೋಯಿತು. ಅವರ ಧಾಟಿ ಸಭೆಯ ಪ್ರತಿಯೊಬ್ಬರಿಗೂ ಯಾವುದೋ ಹಿಂದಿ ಸಿನಿಮಾದಿಂದ ಪರಿಚಯವಿತ್ತು. ಆದರೆ ಮಾತುಗಳು ಯಾರ ಬಾಯಿಗೂ ಬರಲಿಲ್ಲವಾದ್ದರಿಂದ ಹಾಡು ಹೊಸದೆಂದು ಸಿದ್ಧವಾಯಿತು. ಹೊಳಿಸಾಲಿನ ಹಾಡಿಗೂ ಬೇರೆಯಾಗಿ ಸಿ.ಡಿ. ತರುವುದೆಂದು ಚನಮಲ್ಲಪ್ಪನವರು ಅಲ್ಲೇ ಸಾರಿದರು. ಹಾಡುವವರು ತಾರವ್ವ ಮತ್ತು ಸಂಗಡಿಗರು. ರಚನೆ ಜಾನಪದ. ಸಂಗ್ರಹ ಚನಮಲ್ಲಪ್ಪ. ಹಾರ್ಮೋನಿಯಂಗೆ ಈ ಹುಡುಗನೇ ಇರಲಿ, ಕೈ ಚೊಕ್ಕ ಇದೆ, ತಾರವ್ವನವರ ಒಪ್ಪಿಗೆ ಇದ್ದರೆ ಎಂದರು. ತಾರವ್ವ ದೊಡ್ಡ ಮನಸ್ಸು ಮಾಡಿ ಒಪ್ಪಿದಳು.

ಹೊತ್ತು ಇಳಿಯುವಾಗ ಟೆಂಪೋಗಳು ಬನಹಟ್ಟಿಯ ಕಡೆ ತಿರುಗಿದವು. ಓಣಿಯ ಸಂಭ್ರಮ ಹೇಳತೀರದು. ಸಿ.ಡಿ. ಬರುತ್ತದೆ, ಅದರಲ್ಲಿ ತಮ್ಮ ದನಿ ಇರುತ್ತದೆ, ಇದೆಲ್ಲ ನಮ್ಮ ಪರಮೇಶನಿಂದಲೇ ಆದದ್ದು ಎಂದು ಎಲ್ಲರೂ ಅವನ ಬೆನ್ನು ತಟ್ಟಿದರು. ಸುವರ್ಣಾ ಸನ್ನೆಯಲ್ಲೇ ಸಮಾಧಾನ ಹೇಳಿದಳು. ಮತ್ತೆ ಹಾಡು ಶುರುವಾಯಿತು. ರಸ್ತೆಯಲ್ಲಿ ಎದುರಾದ ಕಬ್ಬಿನ ಟ್ರ್ಯಾಕ್ಟರಿನವನು ಕೂಡ ನಿಲ್ಲಿಸಿ ಕೇಳಿದ. ಇಂಥ ತಂಡ ಇಡೀ ಜಿಲ್ಲೆಯಲ್ಲಿ ಇಲ್ಲ ಎಂದು ಪರಮೇಶನಿಗೆ ಅನಿಸಿತು. ಸಂಕಟ ಇದ್ದೇ ಇತ್ತು, ಆದರೂ ಎದೆ ಉಬ್ಬುವುದನ್ನು ಅವನಿಂದ ತಡೆಯಲಾಗಲಿಲ್ಲ. ಮೆಲ್ಲಗೆ ತಾನೂ ದನಿ ಕೂಡಿಸಿದ.

ಎರಡನೆಯ ಸಾಲಿಗೆ ತಾರವ್ವ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಹಾಡು ನಿಲ್ಲಿಸಿದಳು.

"ಪರಮೇಶಾ, ನೀ ಮತ್ತ ಜಲರಾಶಿ ಅಂದಿ ನೋಡು. ಸಿ.ಡಿ. ಮಾಡುವಾಗ ಹಿಂಗ ತಪ್ಪಿದ್ರ ಆ ಸರ ಏನಂದಾರು? ಖರೆ ಹಾಡು ಹೆಂಗೈತಿ, ಹಂಗ ಕಲ್ಕೋ."

ಟೆಂಪೋದ ಜನವೆಲ್ಲ ಅವನು ಕಲಿಯಲಿ ಎಂದು ಸುಮ್ಮನೆ ಕೂತರು. ತಾರವ್ವ ಸಾಲನ್ನು ನಿಧಾನವಾಗಿ ಹೇಳಿಕೊಟ್ಟಳು. ಪರಮೇಶ ಅದನ್ನು ಹಾಗೆಯೇ ಹಾಡಿ ಅವಳ ಮುಖ ನೋಡಿದ.

"ಅಡ್ಡಿಯಿಲ್ಲ" ಎಂದಳು ತಾರವ್ವ. "ಇನ್ನೊಮ್ಮೆ ಅನ್ನು."