ಐದು ರೂಪಾಯಿ ಮುಡಿಪಿನ ಅಳಿಯ

ಬನಶಂಕರಿ ಎರಡನೇ ಹಂತದ ಶಾಮಣ್ಣನವರ ಮನೆಯಲ್ಲಿ ಮೂರು ದಿನದಿಂದ ಊಟದ ಮೇಜಿನ ಮೇಲೆ ಊಟ ಮಾಡುವ ಹಾಗಿರಲಿಲ್ಲ. ಅಲ್ಲೊಂದು ಕಪ್ಪು ಮಖಮಲ್ ಬಟ್ಟೆ, ಅದರ ಮೇಲೆ ಎರಡು ಐದು ರೂಪಾಯಿ ನಾಣ್ಯ, ಪಕ್ಕದಲ್ಲಿ ಭೂತಗನ್ನಡಿ. ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದ ಹೆಂಡತಿ ವಿಮಲಾಗೆ ಸಹನೆ ಮುಗಿಯುತ್ತಾ ಬಂದಿತ್ತು.

ಶಾಮಣ್ಣನವರು ಮೂವತ್ತೈದು ವರ್ಷ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ನಿವೃತ್ತಿಯಾದ ಮೇಲೆ ಆ ವಿದ್ಯೆಯೆಲ್ಲ ಮನೆಯ ಸಾರು, ಉಪ್ಪಿಟ್ಟುಗಳ ಮೇಲೆ ಪ್ರಯೋಗವಾಗುತ್ತಿತ್ತು. (ಹೋದ ತಿಂಗಳು ಸಾರು ಇಪ್ಪತ್ತೆರಡು ಸಲ ತಿರಸ್ಕೃತವಾಗಿತ್ತು.) ಹಾಗಾಗಿ ಅವರಿಗೆ ನಾಣ್ಯದ ಹುಚ್ಚು ಹಿಡಿದಾಗ ವಿಮಲಾ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಆ ದಪ್ಪನೆಯ ಹಳೇ ಐದು ರೂಪಾಯಿ, ವರ್ಷಕ್ಕೊಂದರಂತೆ, ಅವರ ಆಲ್ಬಮ್ಮಿನಲ್ಲಿ ಕೂತಿತ್ತು. ಖಾಲಿ ಉಳಿದಿದ್ದದ್ದು ಒಂದೇ ಗುಂಡಿ, 1994ರದ್ದು. ಅದು ತುಂಬಿದರೆ ಭಾನುವಾರ ಜಯನಗರದ ನಾಣ್ಯಪ್ರಿಯರ ಸಭೆಯಲ್ಲಿ ಎದೆಯುಬ್ಬಿಸಿ ಕೂರಬಹುದು. ನಾಣ್ಯದಂಗಡಿಯ ಮೌನೇಶ ಎರಡು ಕೊಟ್ಟು, "ಎರಡಕ್ಕೂ ಒಂದೇ ರೇಟು ಸಾರ್. ಶನಿವಾರದೊಳಗೆ ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕೊಡಿ" ಅಂದಿದ್ದ.

"ನೋಡು ವಿಮಲಾ, ಇದು ಒಂದು ದಿನವೂ ಚಲಾವಣೆಗೆ ಬಂದಿಲ್ಲ. ಅಖಂಡ ಬ್ರಹ್ಮಚಾರಿ! ಆದ್ರೆ ಟಂಕಸಾಲೆ ಚೀಲದಲ್ಲಿ ಜೊತೆಯವರ ಹತ್ರ ಗುದ್ದಾಡಿ ಮೈಯೆಲ್ಲಾ ಗೀರು. ಈ ಇನ್ನೊಂದು ಸಂಸಾರಿ. ನಾಲ್ಕು ಕೈ ದಾಟಿದೆ, ಸಿಂಹದ ಮೂಗು ಒಂಚೂರು ಸವೆದಿದೆ. ಹೊಳಪು ಮಾತ್ರ ನೋಡು!"

"ಎರಡೂ ಸೇರಿಸಿ ಕೊಟ್ರೂ ಒಂದು ಕಟ್ಟು ಕೊತ್ತಂಬರಿ ಬರಲ್ಲ ರೀ."

ಪಕ್ಕದ ಬಡಾವಣೆ ಶ್ರೀನಗರದಿಂದ ಮಗಳ ಮನೆಗೆ ಬಂದು ವಾರವಾಗಿದ್ದ ಅತ್ತೆಗೆ ಎಂಬತ್ತೆರಡು ವಯಸ್ಸು, ಕಿವಿ ಮಾತ್ರ ಚುರುಕು. "ಅಳಿಯಂದ್ರೇ, ಅಂಥದ್ದು ನನ್ನ ಹತ್ರಾನೂ ಒಂದಿದೆ. ವಿಮಲನ ಅಪ್ಪ ಬ್ಯಾಂಕಿಂದ ಹೊಸದಾಗಿ ತಂದುಕೊಟ್ಟಿದ್ರು" ಎನ್ನುತ್ತಾ ಕೈಚೀಲದಿಂದ ಅರಿಶಿನದ ಬಟ್ಟೆಯ ಗಂಟು ತೆಗೆದರು. ಗಂಟಿನೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ನಾಣ್ಯ.

ಶಾಮಣ್ಣನವರು ಭೂತಗನ್ನಡಿ ಹಿಡಿದರು. 1994! ಗೀರಿಲ್ಲ, ಸವೆತವಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಒಂದು ವಸ್ತುವಿನಲ್ಲಿ ತಪ್ಪೇ ಸಿಗಲಿಲ್ಲ. ಕಣ್ಣು ತೇವವಾಯಿತು.

"ಇಷ್ಟು ವರ್ಷ ಇದನ್ನ ಯಾರೂ ಮುಟ್ಟಿಲ್ವಾ ಅತ್ತೆ?"

"ಹೇಗೆ ಮುಟ್ಟೋದು? ಮುಡಿಪು ಅದು. ವಿಮಲಂಗೆ ಒಳ್ಳೇ ಗಂಡ ಸಿಗಲಿ, ನಿನ್ನ ಹುಂಡಿಗೆ ಹಾಕ್ತೀನಿ ಅಂತ ಬನಶಂಕರಮ್ಮಂಗೆ ಹರಸಿಕೊಂಡಿದ್ದೆ."

"ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲ. ಮತ್ಯಾಕೆ ಹಾಕಿಲ್ಲ?"

"ಗಂಡ ಸಿಕ್ಕಿದ, ಸರಿ. ಒಳ್ಳೆಯವನೋ ಅಂತ ಖಾತ್ರಿ ಆಗ್ಬೇಡ್ವೆ?" ಅತ್ತೆಯ ದನಿಯಲ್ಲಿ ದ್ವೇಷವಿರಲಿಲ್ಲ, ಬರೀ ಎಚ್ಚರಿಕೆಯಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿಯಲ್ಲಿ ಕುಸಿದರು. ಮೂವತ್ತು ವರ್ಷ ಅವರೇ ತಪಾಸಣೆಯಲ್ಲಿದ್ದರು! ವಿಮಲಾ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳ್ಳೆಯವರೇ ಅಮ್ಮಾ. ಬಾಯಿ ಕೆಟ್ಟದ್ದು, ಅಷ್ಟೆ. ನನಗೆ ಡೆಂಗ್ಯೂ ಬಂದಾಗ ಹನ್ನೊಂದು ದಿನ ಆಸ್ಪತ್ರೆ ಬೆಂಚಿನ ಮೇಲೇ ಮಲಗಿದ್ರು. ನಾಳೆ ಶುಕ್ರವಾರ, ಒಪ್ಪಿಸಿಬಿಡೋಣ" ಅಂದಳು.

ಶಾಮಣ್ಣನವರ ಎದೆ ಉಬ್ಬಿತು. ಮರುಕ್ಷಣವೇ ಕೈಯಲ್ಲಿದ್ದ ನಾಣ್ಯದ ನೆನಪಾಯಿತು.

"ಅವಸರ ಬೇಡ ಕಣೇ! ನನ್ನಲ್ಲಿ ಎಷ್ಟು ಕುಂದಿದೆ ಗೊತ್ತಾ? ಹೋದ ವರ್ಷ ಮದುವೆ ದಿನಾನೇ ಮರೆತೆ. ನಿಮ್ಮ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಚಕ್ಕುಲಿ ಡಬ್ಬ ಖಾಲಿ ಮಾಡಿದ್ದು ಇಲಿಯಲ್ಲ, ನಾನು!"

"ಹೊಟ್ಟೆನೋವು ಸುಳ್ಳಾ?" ವಿಮಲಾ ಸೊಂಟದ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಇನ್ನೊಂದಷ್ಟು ವರ್ಷ ನೋಡೋಣ" ಎಂದು ಅತ್ತೆ ನಾಣ್ಯ ಇಸಿದುಕೊಂಡು ಗಂಟು ಕಟ್ಟತೊಡಗಿದರು.

ಒಳ್ಳೆಯವರಾದರೆ ನಾಣ್ಯ ಹುಂಡಿಗೆ, ಕೆಟ್ಟವರಾದರೆ ಅತ್ತೆಯ ಚೀಲಕ್ಕೆ. "ಬದಲಿಗೆ ಐನೂರು ರೂಪಾಯಿ ಹಾಕ್ತೀನಿ ಅತ್ತೆ" ಎಂದು ಗೋಗರೆದರೆ, "ದೇವರಿಗೆ ಎತ್ತಿಟ್ಟದ್ದನ್ನ ಬದಲಾಯಿಸ್ತಾರೇನು?" ಎಂಬ ಉತ್ತರ ಬಂತು.

ಆ ಮಧ್ಯಾಹ್ನ ಶಾಮಣ್ಣನವರಿಗೆ ನಿದ್ದೆ ಹತ್ತಲಿಲ್ಲ. ಲಕ್ಷಾಂತರ ಬಿಡಿಭಾಗಗಳಿಗೆ ಪಾಸು ಮುದ್ರೆ ಒತ್ತಿದ್ದರೂ ತಮಗೆ ಯಾರೂ ಒತ್ತಿರಲಿಲ್ಲ. ಇವತ್ತು ವಿಮಲಾ ಒತ್ತಿದ್ದಳು. ಆ ಸಂತೋಷದ ಮುಂದೆ ಆಲ್ಬಮ್ಮಿನ ಗುಂಡಿ ಸಣ್ಣದಾಗಿ ಕಂಡಿತು. ಸಂಜೆ ತಾವೇ ಹೋಗಿ, ನಾಳೆಯೇ ಮುಡಿಪು ತೀರಿಸೋಣವೆಂದು ಅತ್ತೆಯನ್ನು ಒಪ್ಪಿಸಿದರು. ಶುಕ್ರವಾರ ರಾಹುಕಾಲದಲ್ಲಿ, ಬನಶಂಕರಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ದಾಟಿ, ನಾಣ್ಯವನ್ನು ತಮ್ಮ ಕೈಯಾರೆ ಹುಂಡಿಗೆ ಹಾಕಿದರು. ಅದು ಠಣ್ಣೆಂದಾಗ ಒಳಗಿನ ಬೇರೆ ನಾಣ್ಯಗಳು ಅದರ ಮೈ ಗೀರಿದ್ದನ್ನು ನೆನೆದು ಎದೆ ಚುರುಕ್ಕೆಂದಿತು.

ಅಲ್ಲಿಂದಲೇ ಮೌನೇಶನಿಗೆ ಫೋನ್ ಮಾಡಿದರು. "ಸವೆದಿರೋದನ್ನೇ ಇಟ್ಕೋತೀನಪ್ಪ. ಗೀರು ಬಿದ್ದ ಬ್ರಹ್ಮಚಾರಿಗಿಂತ ಸವೆದ ಸಂಸಾರಿ ಮೇಲು."

ಆಟೋ ಹತ್ತುವಾಗ ಅತ್ತೆ ಕೈಚೀಲ ತಡವಿ, "ಒಂದು ಭಾರ ಇಳೀತು. ಇನ್ನೊಂದು ಮುಡಿಪು ಉಳಿದಿದೆ. ಮದುವೆಯಾದ ಮರುತಿಂಗಳೇ ಕಟ್ಟಿದ್ದು" ಅಂದರು.

"ಏನಂತ?"

"ಅಳಿಯಂದ್ರು ಸಾರಿಗೆ ಹೆಸರಿಡೋದು ಬಿಡಲಿ ಅಂತ."

ಶಾಮಣ್ಣನವರು ಅತ್ತೆಯ ಕೈಚೀಲದತ್ತ ಬಗ್ಗಿದರು. "ಅದು... ಯಾವ ಇಸವಿ ನಾಣ್ಯ ಅತ್ತೆ?"

"ಬಿಚ್ಚದೆ ಹೇಗೆ ಹೇಳಲಿ? ನೀವು ಬಿಟ್ಟ ದಿನ ಬಿಚ್ಚಿ ತೋರಿಸ್ತೀನಿ."

ಮಧ್ಯಾಹ್ನ ಊಟದ ಮೇಜು ಖಾಲಿಯಿತ್ತು, ಮೂವರೂ ಕೂತರು. ಶಾಮಣ್ಣನವರು ಸಾರನ್ನದ ಒಂದು ತುತ್ತು ನುಂಗಿ, ಮುಖದಲ್ಲಿ ನಗು ತಂದುಕೊಂಡು, "ಅಮೃತ ಕಣೇ! ಇನ್ನೆರಡು ಸೌಟು ಬಡಿಸು" ಅಂದರು.

ವಿಮಲಾ ಅನುಮಾನದಿಂದ ತಾನೂ ಒಂದು ತುತ್ತು ಬಾಯಿಗಿಟ್ಟಳು. ದೇವಸ್ಥಾನಕ್ಕೆ ಹೊರಡುವ ಗಡಿಬಿಡಿಯಲ್ಲಿ ಸಾರಿಗೆ ಉಪ್ಪೇ ಹಾಕಿರಲಿಲ್ಲ.