ಬೆನ್ನಿಗೊಂದು ವರ್ಣಚಿತ್ರ

ಪುರಾವೆಯಿಲ್ಲದೆ ನಾನು ಏನನ್ನೂ ನಂಬುವವನಲ್ಲ. ಹೆಂಡತಿ ತಲೆನೋವೆಂದರೂ ಲಕ್ಷಣಗಳನ್ನು ವಿಚಾರಿಸುತ್ತೇನೆ. (ವಿಚಾರಿಸಿದ ಮೇಲೆ ನನಗೂ ತಲೆನೋವು ಬರುತ್ತದೆ, ಅದಕ್ಕೆ ಪುರಾವೆ ಬೇಕಿಲ್ಲ.) ಇಂಥ ನನ್ನನ್ನು ಪ್ರಶ್ನೆಗೆ ಎಡೆಯಿಲ್ಲದಂತೆ ಮಣಿಸಿದ ಏಕೈಕ ಶಕ್ತಿಯೆಂದರೆ ಒಬ್ಬ ನವ್ಯ ಚಿತ್ರಕಾರರ ಕುಂಚ. ಅವರ ಕೃತಿಗಳಿಗೆ ಮನೆಯ ಗೋಡೆಗಳನ್ನೆಲ್ಲ ಧಾರೆಯೆರೆದಿದ್ದೇನೆ. ಕಪಾಟು ಇಡಲು ಜಾಗವಿಲ್ಲದೆ ಹೆಂಡತಿಯ ಬಟ್ಟೆಗಳು ಪೆಟ್ಟಿಗೆವಾಸ ಅನುಭವಿಸುತ್ತಿದ್ದವು.

ಸಂಗ್ರಹದ ಕಿರೀಟಪ್ರಾಯವಾದ ಕಂದು ಬಣ್ಣದ ಮಹಾಚಿತ್ರ ಪಡಸಾಲೆಯಲ್ಲಿ ವಿರಾಜಮಾನವಾಗಿತ್ತು. ಅದರ ಕೆಳಗೇ ನನ್ನ ಕುರ್ಚಿ. ಬಂದವರು ಎದುರಿನ ಸೋಫಾದಲ್ಲಿ ಕುಳಿತು ಚಿತ್ರ ನೋಡಬೇಕು. ನಾನು ಅವರ ಮುಖ ನೋಡುತ್ತ, ಕೈ ಹಿಂದಕ್ಕೆ ಚಾಚಿ ವ್ಯಾಖ್ಯಾನಿಸಬೇಕು. ನನಗದು ಬಾಯಿಪಾಠ. ತಿರುಗಿ ನೋಡುವುದು ಹೊಸಬರ ಕೆಲಸ.

"ರೀ, ಆ ಗೋಡೆ ಒಸರ್ತಿದೆ. ಒಳಗಿನ ಪೈಪು ರಿಪೇರಿ ಮಾಡಿಸಿ."

"ಗೋಡೆ ಒಡೆಸಿದ್ರೆ ಚಿತ್ರ ಎಲ್ಲೇ ಹಾಕೋದು? ನಿನ್ನ ತಲೆ ಮೇಲಾ?"

ಒಂದು ದಿನ ಅವಳು ಮತ್ತೇನೋ ಕೇಳಿದಳು. ನಾನು ಕಪ್ಪುಕುಳಿಗಳ ಕುರಿತು ಓದುತ್ತಿದ್ದೆ, "ಹ್ಞೂ" ಎಂದೆ.

ಅಷ್ಟರಲ್ಲಿ ಸಾಕ್ಷಾತ್ ಚಿತ್ರಕಾರರೇ ಮನೆಗೆ ದಯಮಾಡಿಸುವ ಸುದ್ದಿ ಬಂತು! ತಮ್ಮ ಜೀವಮಾನದ ಕೃತಿಗಳ ಪ್ರದರ್ಶನಕ್ಕೆ ಕಂದು ಚಿತ್ರವನ್ನು ಎರವಲು ಕೇಳಲು ಬರುತ್ತಿದ್ದರು. ಚಿತ್ರದ ಪಕ್ಕದ ಫಲಕದಲ್ಲಿ ಸಂಗ್ರಾಹಕನ ಹೆಸರು ಇರುತ್ತದಂತೆ. ಆ ಒಂದು ಸಾಲಿಗಾಗಿ ಹೊಸ ಅಂಗಿ ಹೊಲಿಸಿದೆ.

ಅವರು ಸೋಫಾದಲ್ಲಿ ಆಸೀನರಾದರು. ನಾನು ಕೈ ಹಿಂದಕ್ಕೆ ಚಾಚಿದೆ.

"ನೋಡಿ ಸಾರ್, ಈ ಕಂದು ಸುಮ್ನೆ ನಿಂತಿಲ್ಲ, ದಿನೇದಿನೇ ಬೆಳೀತಿದೆ. ಅಂಚಲ್ಲಿ ಒಂಥರಾ ಒದ್ದೆತನ. ಮೇಲಿಂದ ಏನೋ ಇಳಿದು ಬರ್ತಿದೆ ಅನ್ಸುತ್ತೆ."

"ನಿಜ, ಇಳೀತಿದೆ," ಎಂದರು ಅವರು, ಗೋಡೆಯನ್ನೇ ದಿಟ್ಟಿಸುತ್ತ.

"ಇಂಥ ಧೈರ್ಯ ನಿಮಗಲ್ದೆ ಇನ್ಯಾರಿಗೆ ಬರುತ್ತೆ ಸಾರ್?"

"ಅಯ್ಯೋ, ಇದು ನಾನು ಮಾಡಿದ್ದಲ್ಲ."

(ಎಂಥ ವಿನಯ!) "ಹೌದು ಸಾರ್, ಕಲಾವಿದ ನಿಮಿತ್ತ ಮಾತ್ರ..."

"ರೀ, ಅದು ಪೈಪು ಮಾಡಿದ್ದು," ಎಂದಳು ಕಾಫಿ ತಂದ ಹೆಂಡತಿ.

ತಿರುಗಿದೆ. ಒಂದು ಮೊಳೆ ಇತ್ತು. ಅದರ ಕೆಳಗೆ, ತೇವ ಹೀರಿ ಉಬ್ಬಿದ ಕಂದು ಗೋಡೆ.

"ಚಿತ್ರ ಎಲ್ಲೇ?"

"ನನ್ನ ಬಟ್ಟೆ ಪೆಟ್ಟಿಗೆ ಮೇಲೆ. ಹಿಂದಿನ ಗೋಡೆ ನೆನೀತಿತ್ತು, ತೆಗೆದಿಡ್ಲಾ ಅಂದೆ. ಹ್ಞೂ ಅಂದ್ರಲ್ಲ. ವಾರ ಆಯ್ತು."

ಚಿತ್ರಕಾರರು ನನ್ನನ್ನು ದಾಟಿ ಅವಳ ಹಿಂದೆ ನಡೆದರು. ಅವಳು ಹಳೆಯ ಚಾದರ ಬಿಡಿಸಿ ಚಿತ್ರ ತೋರಿಸಿದಳು. ಒಂದು ಹನಿಯೂ ತಾಗಿರಲಿಲ್ಲ.

"ನಿಮಗಿದು ಇಷ್ಟವೇನಮ್ಮಾ?"

"ಒಂಚೂರೂ ಇಲ್ಲ ಸಾರ್. ಹಾಗಂತ, ಪಾಪ ಕಷ್ಟಪಟ್ಟು ಮಾಡಿರೋದನ್ನ ನೆನೆಯೋಕೆ ಬಿಡೋಕಾಗುತ್ತಾ?"

ಮನೆಗೆ ಬಂದಾಗಿನಿಂದ ಅವರು ನಕ್ಕದ್ದು ಆಗಲೇ.

ಪ್ರದರ್ಶನದಲ್ಲಿ ಹೊಸ ಅಂಗಿ ತೊಟ್ಟು ಫಲಕ ಓದಿದೆ. ಸಂಗ್ರಾಹಕಿ ಎಂದಿತ್ತು, ಮುಂದೆ ಅವಳ ಹೆಸರು. ಪುರಾವೆ ಸುಸ್ಪಷ್ಟವಾಗಿತ್ತು.

ಮರುದಿನ ಪೈಪು ಸರಿಯಾಯಿತು. ಬಾಗಿಲಲ್ಲಿ ಹೊಸ ಕಪಾಟು ಬಂದು ನಿಂತಿತ್ತು. ಸುಣ್ಣ ಬಳಿಯುವವರು ಬ್ರಶ್ ಎತ್ತಿದ್ದೇ ತಡ, ಅವಳು ಕೈ ಅಡ್ಡ ಹಿಡಿದಳು.

"ಒಂದ್ನಿಮಿಷ ತಡೀರಿ. ರೀ, ಇದರ ಬಗ್ಗೆ ಇನ್ನೇನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಸಿಗಲ್ಲ."