ಬ್ಲೂಗ್ರಾಸ್ ಮತ್ತು ನನ್ನ ಎಡಗಾಲು

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ತಲೆಯಾಡಿಸಿ ಸುಮ್ಮನಿರುವುದು ಸುಲಭ ಎಂಬುದು ನನ್ನ ಬಹುಕಾಲದ ನಂಬಿಕೆ. ಮೂಡಿಗೆರೆಯಲ್ಲಿರುವ ನನ್ನ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ನಿಂತಿರುವುದೇ ಅದರ ಮೇಲೆ. ಗಿರಾಕಿ ಯಾವುದೋ ವಾಷರಿನ ಹೆಸರು ಹೇಳುತ್ತಾನೆ, ನಾನು ತಲೆಯಾಡಿಸಿ ಒಳಗೆ ಹೋಗಿ, ಕೈಗೆ ಸಿಕ್ಕಿದ ವಾಷರುಗಳನ್ನೆಲ್ಲ ತಂದು ಮುಂದಿಡುತ್ತೇನೆ. ಬೇಕಾದ್ದನ್ನು ಅವನೇ ಆರಿಸಿಕೊಳ್ಳುತ್ತಾನೆ. ಇಂಥ ನೆಮ್ಮದಿಗೆ ಕಲ್ಲು ಬಿದ್ದದ್ದು ಬ್ಲೂಗ್ರಾಸಿನಿಂದ.

ಮಗಳು ಸಿಂಚನ ಒಂದು ದಿನ, "ಅಪ್ಪ, ಭಾನುವಾರ ಜಾವಳಿ ಚಂದ್ರಣ್ಣನ ಮನೇಲಿ ಬ್ಲೂಗ್ರಾಸ್ ಇದೆ, ಎಲ್ರೂ ಹೋಗಣ" ಎಂದಳು. ತಲೆಯಾಡಿಸಿದೆ. ಚಂದ್ರಣ್ಣ ಕಾಫಿ ಬೆಳೆಗಾರರು, ಹಸು ಸಾಕುವುದರಲ್ಲೂ ಎತ್ತಿದ ಕೈ. ಹೊಸ ಜಾತಿಯ ಹುಲ್ಲು ತರಿಸಿರಬೇಕು, ನಮ್ಮ ಹಸುವಿಗೂ ನೆಡಲು ನಾಲ್ಕು ಬುಡ ಸಿಕ್ಕೀತು ಎಂದು ಖಾಲಿ ಗೊಬ್ಬರದ ಚೀಲ, ಒಂದು ಕತ್ತಿ ಹಿಡಿದು ಹೊರಟೆ. ಅಲ್ಲಿ ನೋಡಿದರೆ, ಕಾಫಿ ಒಣಗಿಸುವ ಕಣದಲ್ಲಿ ಊರವರು, ಪಕ್ಕದ ಎಸ್ಟೇಟಿನವರೆಲ್ಲ ದುಂಡಗೆ ಕುರ್ಚಿ ಹಾಕಿಕೊಂಡು ಗಿಟಾರ್, ಪಿಟೀಲು, ಮ್ಯಾಂಡೋಲಿನ್ ಹಿಡಿದು ಕೂತಿದ್ದರು. ಚಂದ್ರಣ್ಣನ ತೊಡೆಯ ಮೇಲೆ ಜರಡಿಗೆ ಹಿಡಿ ಕಟ್ಟಿದಂಥ ಬ್ಯಾಂಜೋ. ಅವರು ನನ್ನ ಕತ್ತಿಯನ್ನೇ ನೋಡಿ, "ಇದ್ಯಾವ ವಾದ್ಯ ಮಾರಾಯ?" ಎಂದರು.

"ಹುಲ್ಲಿಗೆ ಬಂದಿದ್ದೆ ಚಂದ್ರಣ್ಣ."

"ಇದು ಅಮೆರಿಕದ ಗುಡ್ಡದ ಕಡೆಯೋರ ಸಂಗೀತ ಕಣೋ. ಕೂತ್ಕ, ತಾನಾಗೇ ಅರ್ಥ ಆಗ್ತದೆ."

ತಾನಾಗಿ ಅರ್ಥವಾಗಲಿಲ್ಲ. ಕೈಗೊಂದು ಗಿಟಾರ್ ಕೊಟ್ಟರು, ಮಗಳು ಅದರ ಮೇಲೆ ಮೂರು ಹಿಡಿತ ತೋರಿಸಿದಳು. ಚಂದ್ರಣ್ಣ ನನ್ನತ್ತ ತಿರುಗಿ "ಜಿ" ಎಂದರು. ಹಿರಿಯರು ಇಷ್ಟು ಮರ್ಯಾದೆ ಕೊಡುವಾಗ ಸುಮ್ಮನಿರಬಾರದೆಂದು "ಹೇಳಿ ಜಿ" ಎಂದೆ. ಅದು ಹಾಡಿನ ಶ್ರುತಿಯಂತೆ. ಸ್ವಲ್ಪ ಹೊತ್ತಿಗೆ ಪಿಟೀಲಿನ ಮೇಷ್ಟ್ರು ನನ್ನ ಕಡೆ ತಲೆಯಾಡಿಸಿದರು. ಪರಿಚಯದ ನಮಸ್ಕಾರವೆಂದು ನಾನೂ ಆಡಿಸಿದೆ. ಅವರು ಒಂದು ಸುತ್ತು ನುಡಿಸಿ ಮತ್ತೆ ಆಡಿಸಿದರು; ನಾನೂ ಮತ್ತೆ ಆಡಿಸಿದೆ. ಆ ಕೂಟದಲ್ಲಿ ತಲೆಯಾಡಿಸುವುದೆಂದರೆ 'ಈಗ ನೀನೊಬ್ಬನೇ ನುಡಿಸು' ಎಂಬ ಸೂಚನೆಯೆಂದು ನನಗೆ ತಿಳಿಯುವ ಹೊತ್ತಿಗೆ ಮೇಷ್ಟ್ರು ಬೆವರಿ ನೀರಾಗಿದ್ದರು.

ಆದರೂ ಭಾನುವಾರ ಬಂದರೆ ಮೂವರೂ ಹೊರಡುತ್ತಿದ್ದೆವು. ಸಿಂಚನ ಮ್ಯಾಂಡೋಲಿನ್ ಕಲಿತಳು. ಹೆಂಡತಿ ಲಲಿತ ಚಪ್ಪಾಳೆ ತಟ್ಟುತ್ತಿದ್ದಳು. ಅಂಗನವಾಡಿಯ ಮಕ್ಕಳ ಮುಂದೆ ದಿನವಿಡೀ ಹಾಡುವ ಇವಳು ದೊಡ್ಡವರೆದುರು ಬಾಯಿ ತೆರೆಯುವವಳಲ್ಲ. ಮದುವೆಯಾದ ಹೊಸದರಲ್ಲಿ ನಾನು ಒಂದು ಹಾಡು ಹೇಳು ಎಂದಾಗ, "ನೀವು ಆಚೆ ನಿಂತ್ರೆ ಹಾಡ್ತೀನಿ" ಎಂದಳು. ಆಚೆ ಹೋಗಿ ನಿಂತೆ. ಅವಳು ಬಾಗಿಲು ಹಾಕಿಕೊಂಡಳು. ಹಾಡು ಕೇಳಲಿಲ್ಲ. ಅಂಥವಳು ಮಳೆ ಬಿಟ್ಟು ಸ್ವಲ್ಪ ಹೊಳವಾದ ಒಂದು ಭಾನುವಾರ ದಾರಿಯಲ್ಲಿ, "ಇವತ್ತು ನನ್ನ ಕರುವಿನ ಹಾಡು ಹಾಡ್ತೀನಿ ಅಂತ ಚಂದ್ರಣ್ಣಂಗೆ ಹೇಳಿದೀನಿ. ನೀವು ಏನೂ ಮಾಡ್ಬೇಡಿ" ಎಂದಳು.

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ."

ಅದು ಅಂಗನವಾಡಿಗೆಂದು ಅವಳೇ ಕಟ್ಟಿದ ಹಾಡು. 'ಸೊಪ್ಪು ತಿನ್ನೋ ಕರುವೇ, ನಿಂಗೆ ಸಕ್ಕರೆ ಯಾಕೆ ಬೇಕು' ಎಂದು ಸಣ್ಣ ದನಿಯಲ್ಲಿ ಶುರುಮಾಡಿದಳು. ಬ್ಯಾಂಜೋ ಮೆಲ್ಲಗೆ ಜೊತೆಗೂಡಿತು. ಅಷ್ಟರಲ್ಲಿ ನನ್ನ ಎಡಗಾಲಿನ ಕಾಲ್ಚೀಲದೊಳಗೆ ತಣ್ಣಗೆ ಏನೋ ಸರಿದಂತಾಯಿತು. ಇಂಬಳ. ರಕ್ತ ಹೀರುವ ಆ ಮಳೆಗಾಲದ ಜಿಗಣೆ ಕಚ್ಚುವ ಮೊದಲೇ ಎಂದು ಥಟ್ಟನೆ ಕಾಲೆತ್ತಿದೆ. ಅದೇ ಕ್ಷಣ ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು. ಲಲಿತ ಒಬ್ಬಳೇ 'ಯಾಕೆ' ಎನ್ನುವಲ್ಲಿ ಉಳಿದಳು.

"ಶುರುವಲ್ಲೇ ಯಾಕೋ ಮುಗಿಸ್ದೆ?" ಎಂದರು ಚಂದ್ರಣ್ಣ.

ಸಿಂಚನ ಹಲ್ಲು ಕಚ್ಚಿ ಹೇಳಿದಳು: "ಹಾಡೋರು ಕಾಲೆತ್ತಿದ್ರೆ ಹಾಡು ಮುಗೀತು ಅಂತ. ಅಮ್ಮಂಗೆ ಸೀರೆ, ಕಾಲು ಕಾಣಲ್ಲ, ಅದ್ಕೆ ಎಲ್ರೂ ನಿನ್ನ ಕಾಲು ನೋಡ್ತಾರೆ ಅಂತ ಹೋದ ವಾರನೇ ಹೇಳಿರ್ಲಿಲ್ವಾ? ನೀನೂ ತಲೆ ಆಡ್ಸಿದ್ದೆ."

ಲಲಿತ ಸೆರಗು ಸರಿಮಾಡಿಕೊಂಡಳು. ಅದು ಅವಳು ಎದ್ದು ಹೋಗುವ ಲಕ್ಷಣ. ಈಗ ಎದ್ದರೆ ಇವಳು ಇನ್ನೆಂದೂ ಹಾಡುವುದಿಲ್ಲ. "ಇನ್ನೊಂದ್ಸಲ ಹಾಡು, ಲಲಿತಾ. ನಾನು ಕಾಲು ಎತ್ತಲ್ಲ" ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ಮೊದಲಿನಿಂದ ಹಿಡಿದಳು. ನಾನು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಕೂತೆ. ಕುಡಿಯುವಷ್ಟು ಕುಡಿದುಕೊಳ್ಳಲಿ ಎಂದು ಇಂಬಳಕ್ಕೆ ಕಾಲು ಬಿಟ್ಟುಕೊಟ್ಟೆ. ಅವಳ ದನಿ ಏರಿತು, ಪಿಟೀಲು ಏರಿತು, ಸಿಂಚನ ಅಮ್ಮನ ಕಡೆ ತಲೆಯಾಡಿಸುತ್ತ ನುಡಿಸಿದಳು. ಇಷ್ಟು ವರ್ಷ ಮುಚ್ಚಿದ ಬಾಗಿಲ ಹಿಂದೆ ಇದ್ದದ್ದು ಈ ದನಿಯೇ ಎಂದು ನಾನು ಬೆಪ್ಪಾಗಿ ಕೇಳುತ್ತಿದ್ದೆ. ಹಾಡು ಮುಗಿಯಿತು, ಮತ್ತೆ ಶುರುವಾಯಿತು, ಮತ್ತೆ ಮುಗಿದು ಮತ್ತೆ ಶುರುವಾಯಿತು. ಕೊನೆಗೆ ಲಲಿತ ನನ್ನ ತೋಳು ಚಿವುಟಿ, "ಈಗ ಎತ್ರೀ" ಎಂದು ಪಿಸುಗುಟ್ಟಿದಳು. ಎತ್ತಿದೆ.

"ಹೆಂಡ್ತಿ ಹಾಡಿಗೆ ಅಳ್ತಿದೀಯಲ್ಲೋ" ಎಂದರು ಚಂದ್ರಣ್ಣ.

"ಅಳು ಅಲ್ಲ, ಇಂಬಳ" ಎಂದು ಎಲ್ಲರೆದುರು ಕಾಲ್ಚೀಲ ಕಳಚಿದೆ. ಒಳಗೆ ಅಂಟಿಕೊಂಡಿದ್ದದ್ದು ಒಂದು ಒದ್ದೆ ಹುಲ್ಲಿನೆಸಳು. ಕಾಲಿನಲ್ಲಿ ರಕ್ತದ ಗುರುತೂ ಇರಲಿಲ್ಲ. ಎಲ್ಲರೂ ನಕ್ಕರು. ಲಲಿತ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಅರ್ಥ ಇನ್ನೂ ತಿಳಿದಿಲ್ಲ.

ಈಗ ಭಾನುವಾರ ಹೊರಡುವಾಗ ಅವಳೇ ನನ್ನ ಕಾಲ್ಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉದುರಿಸಿ ಕೊಡುತ್ತಾಳೆ. ಇಂಬಳ ಹತ್ತಿರ ಸುಳಿಯುವುದಿಲ್ಲ. ಆದರೂ ಕರುವಿನ ಹಾಡು ಎರಡನೇ ಚರಣಕ್ಕೆ ಬಂದಾಗ ನನ್ನ ಕಣ್ಣು ಒದ್ದೆಯಾಗುತ್ತದೆ. ಹೊಗೆಸೊಪ್ಪಿನ ಘಾಟು ಇರಬೇಕು.